ದೈತ್ಯ ಅಣುಗಳ ಜನಕ ಹರ್ಮನ್ ಸ್ಟೌಡಿಂಗರ್

ಮಕ್ಕಳೇ, ನಿಮ್ಮ ಶಾಲಾ ಚೀಲವನ್ನು ಒಮ್ಮೆ ತೆರೆದು ನೋಡಿ. ಪ್ಲಾಸ್ಟಿಕ್ ಸ್ಕೇಲು, ಬಾಲ್ ಪೆನ್ನು, ಕಾಗದದ ಪುಸ್ತಕಗಳು, ಒಂದೆರಡು ರಬ್ಬರ್ ಬ್ಯಾಂಡು ಕಾಣಿಸುತ್ತವೆ. ನೀವು ಹಾಕಿಕೊಂಡಿರುವ ಅಂಗಿ ಹತ್ತಿಯದ್ದಿರಬಹುದು. ಮಧ್ಯಾಹ್ನ ತಟ್ಟೆಗೆ ಅನ್ನವೋ ಮುದ್ದೆಯೋ ಬೀಳುತ್ತದೆ. ರಬ್ಬರ್ ಎಳೆದರೆ ಹಿಗ್ಗುತ್ತದೆ, ಸ್ಕೇಲು ಬಾಗುತ್ತದೆ, ಕಾಗದ ಹರಿಯುತ್ತದೆ, ಅನ್ನ ಹೊಟ್ಟೆ ತುಂಬಿಸುತ್ತದೆ. ಇವುಗಳಿಗೆ ಒಂದಕ್ಕೊಂದು ಸಂಬಂಧವೇ ಇಲ್ಲವೆಂದು ನಿಮಗೆ ಅನಿಸಬಹುದು. ಆದರೆ ಇವೆಲ್ಲವೂ ಒಂದೇ ಬಗೆಯ ರಚನೆಯನ್ನು ಹೊಂದಿವೆ. ಪುಟ್ಟ ಪುಟ್ಟ ಅಣುಗಳು ಸಾವಿರಾರು ಸಂಖ್ಯೆಯಲ್ಲಿ ಒಂದಕ್ಕೊಂದು ಸೇರಿಕೊಂಡು ಆದ ಉದ್ದನೆಯ ಸರಪಳಿಗಳೇ ಇವು.

ಹೀಗೆ ಸೇರಿಕೊಳ್ಳುವ ಪುಟ್ಟ ಅಣುವಿಗೆ ಮಾನೊಮರ್ ಎಂದು ಹೆಸರು. ಮಾನೊ ಎಂದರೆ ಗ್ರೀಕ್ ಭಾಷೆಯಲ್ಲಿ ಒಂದು. ಅನೇಕ ಮಾನೊಮರ್‌ಗಳು ಸೇರಿ ಆದ ದೊಡ್ಡ ಅಣುವೇ ಪಾಲಿಮರ್. ಪಾಲಿ ಎಂದರೆ ಅನೇಕ. ಇಂದು ಇದನ್ನು ಪ್ರೌಢಶಾಲೆಯ ಪಠ್ಯದಲ್ಲಿಯೇ ಓದುತ್ತಾರೆ. ಆದರೆ ನೂರು ವರ್ಷಗಳ ಹಿಂದೆ ಇದನ್ನು ಹೇಳಿದ ವಿಜ್ಞಾನಿಯ ಮಾತನ್ನು ಹೆಸರಾಂತ ಪಂಡಿತರೂ ಒಪ್ಪಲಿಲ್ಲ. ಅಷ್ಟು ದೊಡ್ಡ ಅಣು ಇರಲು ಸಾಧ್ಯವೇ ಇಲ್ಲ ಎಂದು ವಾದಿಸಿದರು. ಅಣು ಕಣ್ಣಿಗೆ ಕಾಣುವುದಿಲ್ಲ. ಕಾಣದ ಸರಪಳಿ ಇದೆಯೆಂದು ಸಾಬೀತು ಮಾಡುವುದು ಹೇಗೆ? ಅದನ್ನು ಮಾಡಿ ತೋರಿಸಿದವರು ಜರ್ಮನಿಯ ರಸಾಯನ ವಿಜ್ಞಾನಿ ಹರ್ಮನ್ ಸ್ಟೌಡಿಂಗರ್.

ಗಿಡಗಳ ಮೇಲಿನ ಪ್ರೀತಿ

ಸ್ಟೌಡಿಂಗರ್ 1881ರ ಮಾರ್ಚ್ 23ರಂದು ಜರ್ಮನಿಯ ವರ್ಮ್ಸ್ ಎಂಬ ಊರಿನಲ್ಲಿ ಜನಿಸಿದರು. ಅವರ ತಂದೆ ಫ್ರಾನ್ಸ್ ಸ್ಟೌಡಿಂಗರ್ ಅಧ್ಯಾಪಕರು ಮತ್ತು ತತ್ತ್ವಶಾಸ್ತ್ರದಲ್ಲಿ ಪಾಂಡಿತ್ಯ ಪಡೆದವರು. ಬಾಲಕ ಹರ್ಮನ್‌ಗೆ ಗಿಡಮರಗಳೆಂದರೆ ಬಹಳ ಪ್ರೀತಿ. ಮುಂದೆ ಸಸ್ಯವಿಜ್ಞಾನಿಯಾಗಬೇಕೆಂಬುದು ಅವರ ಆಸೆ. ಆದರೆ ಗಿಡದ ಒಳಗೆ ನಡೆಯುವುದನ್ನು ಚೆನ್ನಾಗಿ ತಿಳಿಯಬೇಕಾದರೆ ಮೊದಲು ರಸಾಯನಶಾಸ್ತ್ರ ಕಲಿಯಬೇಕು ಎಂದು ಮನೆಯಲ್ಲಿ ಹಿರಿಯರು ಬುದ್ಧಿ ಹೇಳಿದರು. ಆ ಮಾತನ್ನು ಕೇಳಿ ರಸಾಯನಶಾಸ್ತ್ರಕ್ಕೆ ಸೇರಿದ ಹುಡುಗ ಅಲ್ಲಿಯೇ ನೆಲೆ ನಿಂತರು.

ಹಾಲೆ, ಡಾರ್ಮ್‌ಸ್ಟಾಟ್ ಮತ್ತು ಮ್ಯೂನಿಕ್ ನಗರಗಳಲ್ಲಿ ಓದಿ, 1903ರಲ್ಲಿ ಹಾಲೆ ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟ್ ಪಡೆದರು. ಮುಂದೆ ಸ್ಟ್ರಾಸ್‌ಬರ್ಗ್‌ನಲ್ಲಿ ಸಂಶೋಧನೆ ಮಾಡುತ್ತಿದ್ದಾಗ ಕೀಟೀನ್‌ಗಳೆಂಬ ಹೊಸ ಸಂಯುಕ್ತಗಳ ಗುಂಪನ್ನು ಪತ್ತೆ ಹಚ್ಚಿದರು. ಆಗ ಅವರಿಗೆ ಇನ್ನೂ 25 ವರ್ಷ ತುಂಬಿರಲಿಲ್ಲ. 1907ರಲ್ಲಿ ಕಾರ್ಲ್ಸ್‌ರೂಹೆಯ ತಾಂತ್ರಿಕ ವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. 1912ರಲ್ಲಿ ಸ್ವಿಟ್ಜರ್‌ಲೆಂಡಿನ ಜ್ಯೂರಿಕ್ ನಗರದ ಪ್ರಸಿದ್ಧ ತಾಂತ್ರಿಕ ವಿಶ್ವವಿದ್ಯಾನಿಲಯ ಅವರನ್ನು ಬರಮಾಡಿಕೊಂಡಿತು.

ಅಲ್ಲಿ ಅವರ ಹೆಸರು ಇನ್ನಷ್ಟು ಬೆಳೆಯಿತು. ಕೀಟಗಳನ್ನು ಕೊಲ್ಲುವ ಒಂದು ಬಗೆಯ ಸೇವಂತಿಗೆಯ ಹೂವಿನಲ್ಲಿರುವ ವಸ್ತು ಯಾವುದು, ಹುರಿದ ಕಾಫಿ ಬೀಜಕ್ಕೆ ಆ ಘಮ ಬರುವುದು ಹೇಗೆ ಎಂಬುದನ್ನೆಲ್ಲ ತಮ್ಮ ಸಂಗಡಿಗರೊಂದಿಗೆ ಪರಿಶೀಲಿಸಿದರು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಕಾಳುಮೆಣಸು ಸಿಗದಂತಾದಾಗ ಅದರ ಖಾರವನ್ನು ಹೋಲುವ ವಸ್ತುವನ್ನು ಪ್ರಯೋಗಾಲಯದಲ್ಲಿ ತಯಾರಿಸಿದರು. ಇದೇ ದಾರಿಯಲ್ಲಿ ಸಾಗಿದ್ದರೆ ಗೌರವಕ್ಕೂ ಹಣಕ್ಕೂ ಕೊರತೆಯಿರಲಿಲ್ಲ. ಆದರೆ ಅವರ ಮನಸ್ಸು ಬೇರೆಯವರು ಮುಟ್ಟಲು ಹಿಂಜರಿಯುತ್ತಿದ್ದ ಒಂದು ವಸ್ತುವಿನ ಕಡೆ ಹರಿದಿತ್ತು. ಅದೇ ರಬ್ಬರ್.

ರಬ್ಬರಿನ ಒಗಟು

ಕಾರ್ಲ್ಸ್‌ರೂಹೆಯಲ್ಲಿದ್ದಾಗಲೇ ಸ್ಟೌಡಿಂಗರ್ ಐಸೊಪ್ರೀನ್ ಎಂಬ ದ್ರವವನ್ನು ಸುಲಭವಾಗಿ ತಯಾರಿಸುವ ವಿಧಾನವನ್ನು ಕಂಡುಹಿಡಿದಿದ್ದರು. ಐಸೊಪ್ರೀನ್ ಒಂದು ಪುಟ್ಟ ಅಣು. ಅದರಲ್ಲಿ 5 ಇಂಗಾಲದ ಪರಮಾಣುಗಳು ಮತ್ತು 8 ಹೈಡ್ರೊಜನ್ ಪರಮಾಣುಗಳು ಮಾತ್ರ ಇವೆ. ರಬ್ಬರನ್ನು ಗಾಳಿಯಿಲ್ಲದೆ ಚೆನ್ನಾಗಿ ಕಾಯಿಸಿದರೆ ಐಸೊಪ್ರೀನ್ ಹೊರಬರುತ್ತದೆ ಎಂಬುದು ಆಗಲೇ ತಿಳಿದಿತ್ತು. ಅಂದರೆ ರಬ್ಬರ್ ಐಸೊಪ್ರೀನ್‌ನಿಂದ ಆದದ್ದು. ಆದರೆ ಐಸೊಪ್ರೀನ್ ನೀರಿನಂತೆ ಹರಿಯುವ, ಬೇಗ ಆವಿಯಾಗುವ ದ್ರವ. ರಬ್ಬರ್ ಹಿಗ್ಗುವ, ಕುಗ್ಗುವ ಘನವಸ್ತು. ಅದರಿಂದ ಇದು ಆಗುವುದು ಹೇಗೆ?

ಅಂದಿನ ವಿಜ್ಞಾನಿಗಳು ಇದಕ್ಕೆ ಒಂದು ಉತ್ತರ ಕೊಟ್ಟಿದ್ದರು. ನೀವು ಎಳ್ಳುಂಡೆ ತಿಂದಿದ್ದೀರಲ್ಲವೇ? ಎಳ್ಳಿನ ಕಾಳುಗಳು ಬೆಲ್ಲದ ಪಾಕದಿಂದ ಒಂದಕ್ಕೊಂದು ಅಂಟಿಕೊಂಡು ಉಂಡೆಯಾಗುತ್ತವೆ. ಉಂಡೆ ಎಷ್ಟೇ ದೊಡ್ಡದಾದರೂ ಒಳಗಿರುವ ಕಾಳು ಚಿಕ್ಕದೇ. ರಬ್ಬರ್ ಕೂಡ ಹೀಗೆಯೇ ಎಂದು ಅವರು ನಂಬಿದ್ದರು. ಪುಟ್ಟ ಉಂಗುರದಂತಹ ಅಣುಗಳು ಯಾವುದೋ ದುರ್ಬಲ ಸೆಳೆತದಿಂದ ಒಟ್ಟಾಗಿ ಗುಂಪು ಕಟ್ಟಿಕೊಂಡಿವೆ, ಒಂದೇ ದೊಡ್ಡ ಅಣು ಅಲ್ಲಿಲ್ಲ ಎಂಬುದು ಅವರ ವಾದ. ಹತ್ತಿ, ರೇಷ್ಮೆ, ಪಿಷ್ಟಗಳ ವಿಷಯದಲ್ಲೂ ಇದೇ ನಂಬಿಕೆಯಿತ್ತು.

ಕೈ ಕೈ ಹಿಡಿದ ಅಣುಗಳು

1920ರಲ್ಲಿ ಸ್ಟೌಡಿಂಗರ್ ಒಂದು ಪ್ರಬಂಧವನ್ನು ಪ್ರಕಟಿಸಿದರು. ಅದರ ವಿಷಯ ಪಾಲಿಮರೀಕರಣ, ಅಂದರೆ ಮಾನೊಮರ್‌ಗಳು ಸೇರಿ ಪಾಲಿಮರ್ ಆಗುವ ಕ್ರಿಯೆ. ರಬ್ಬರಿನಲ್ಲಿ ಅಂಟಿಕೊಂಡ ಉಂಡೆಗಳಿಲ್ಲ. ಅಲ್ಲಿ ಐಸೊಪ್ರೀನ್ ಘಟಕಗಳು ಸಾಮಾನ್ಯ ಅಣುಗಳಲ್ಲಿರುವಂತಹ ಗಟ್ಟಿಯಾದ ರಾಸಾಯನಿಕ ಬಂಧದಿಂದಲೇ ಜೋಡಣೆಗೊಂಡು ಉದ್ದನೆಯ ಸರಪಳಿಯಾಗಿವೆ ಎಂದು ಅವರು ಅದರಲ್ಲಿ ಪ್ರತಿಪಾದಿಸಿದರು. ಆಗ ಅವರ ವಯಸ್ಸು 39.

ಈ ಜೋಡಣೆ ಹೇಗೆ ನಡೆಯುತ್ತದೆ? ಒಂದು ಆಟದಿಂದ ತಿಳಿಯೋಣ. ಮೈದಾನದಲ್ಲಿ ಐವತ್ತು ಮಕ್ಕಳು ನಿಂತಿದ್ದಾರೆ ಎಂದುಕೊಳ್ಳಿ. ಪ್ರತಿಯೊಬ್ಬರೂ ತಮ್ಮ ಬಲಗೈಯಿಂದ ತಮ್ಮದೇ ಎಡಗೈಯನ್ನು ಹಿಡಿದುಕೊಂಡಿದ್ದಾರೆ. ಹೀಗಿರುವಾಗ ಯಾರೂ ಇನ್ನೊಬ್ಬರನ್ನು ಹಿಡಿಯಲಾರರು. ಈಗ ಒಬ್ಬರು ಬಂದು ಮೊದಲನೆಯ ಹುಡುಗಿಯ ಕೈಯನ್ನು ಬಿಡಿಸಿ ಹಿಡಿದುಕೊಂಡರು. ಅವಳ ಇನ್ನೊಂದು ಕೈ ಖಾಲಿಯಾಯಿತು. ಅವಳು ಪಕ್ಕದವನ ಕೈ ಬಿಡಿಸಿ ಹಿಡಿದಳು. ಅವನ ಇನ್ನೊಂದು ಕೈ ಖಾಲಿಯಾಯಿತು, ಅವನು ಮುಂದಿನವಳನ್ನು ಹಿಡಿದ. ನೋಡುತ್ತಿದ್ದಂತೆ ಉದ್ದನೆಯ ಸಾಲು ತಯಾರಾಗುತ್ತದೆ.

ಸ್ಟೈರೀನ್ ಎಂಬ ಮಾನೊಮರಿನಲ್ಲಿ ನಡೆಯುವುದು ಇದೇ. ಅದರ ಎರಡು ಇಂಗಾಲದ ಪರಮಾಣುಗಳ ನಡುವೆ ಎರಡು ಬಂಧಗಳಿರುತ್ತವೆ. ಇದನ್ನು ದ್ವಿಬಂಧ ಎನ್ನುತ್ತಾರೆ. ಶಾಖದಿಂದಲೋ, ಬೆಳಕಿನಿಂದಲೋ, ಸ್ವಲ್ಪ ಸೇರಿಸಿದ ಬೇರೊಂದು ವಸ್ತುವಿನಿಂದಲೋ ಕ್ರಿಯೆ ಆರಂಭವಾಗುತ್ತದೆ. ಎರಡು ಬಂಧಗಳಲ್ಲಿ ಒಂದು ಬಿಚ್ಚಿಕೊಂಡು ನೆರೆಯ ಅಣುವನ್ನು ಹಿಡಿಯುತ್ತದೆ. ಅದು ಮುಂದಿನದನ್ನು ಹಿಡಿಯುತ್ತದೆ. ಹೀಗೆ ದ್ರವರೂಪದ ಸ್ಟೈರೀನ್ ಗಟ್ಟಿಯಾದ ಪಾಲಿಸ್ಟೈರೀನ್ ಆಗುತ್ತದೆ. ಹೊಸ ಟಿವಿಯ ಪೆಟ್ಟಿಗೆಯೊಳಗೆ ಇಡುವ ಬಿಳಿಯ ಥರ್ಮಾಕೋಲ್ ಪಾಲಿಸ್ಟೈರೀನ್‌ನಿಂದ ಆದದ್ದೇ. ಐಸೊಪ್ರೀನ್ ಅಣುವಿನಲ್ಲಿ ಎರಡು ದ್ವಿಬಂಧಗಳಿವೆ. ಆದ್ದರಿಂದ ಅದು ಸರಪಳಿಗೆ ಸೇರಿದ ಮೇಲೂ ಪ್ರತಿ ಘಟಕದಲ್ಲಿ ಒಂದು ದ್ವಿಬಂಧ ಉಳಿದಿರುತ್ತದೆ. ಈ ಸಂಗತಿಯನ್ನು ನೆನಪಿನಲ್ಲಿಡಿ. ಸ್ಟೌಡಿಂಗರ್ ತಮ್ಮ ಮೊದಲ ಪರೀಕ್ಷೆಗೆ ಇದನ್ನೇ ಬಳಸಿದರು.

ಉಂಡೆಯೋ, ಸರಪಳಿಯೋ?

ರಬ್ಬರಿನ ಪುಟ್ಟ ಅಣುಗಳನ್ನು ಅಂಟಿಸಿರುವ ಸೆಳೆತ ಬರುವುದು ಆ ಉಳಿದ ದ್ವಿಬಂಧಗಳಿಂದ ಎಂದು ವಿರೋಧಿಗಳು ಹೇಳುತ್ತಿದ್ದರು. ಹಾಗಾದರೆ ದ್ವಿಬಂಧಗಳನ್ನೇ ಇಲ್ಲವಾಗಿಸಿ ನೋಡಿದರೆ ಆಯಿತಲ್ಲ? ದ್ವಿಬಂಧಕ್ಕೆ ಹೈಡ್ರೊಜನ್ ಸೇರಿಸಿದರೆ ಅದು ಸಾಮಾನ್ಯ ಬಂಧವಾಗುತ್ತದೆ. ವಿರೋಧಿಗಳ ಮಾತು ನಿಜವಾದರೆ ಆಗ ಸೆಳೆತ ಹೋಗಬೇಕು. ಬೆಲ್ಲ ಕರಗಿದ ಎಳ್ಳುಂಡೆಯಂತೆ ರಬ್ಬರ್ ಬಿಡಿಬಿಡಿಯಾಗಿ, ಸುಲಭವಾಗಿ ಆವಿಯಾಗುವ ಸಣ್ಣ ಅಣುಗಳು ದೊರೆಯಬೇಕು. ಸ್ಟೌಡಿಂಗರ್ ಹೇಳಿದ್ದು ನಿಜವಾದರೆ ಸರಪಳಿ ಹಾಗೆಯೇ ಉಳಿಯಬೇಕು.

1922ರಲ್ಲಿ ಅವರು ತಮ್ಮ ಸಹಾಯಕ ಫ್ರಿಟ್ಚಿ ಅವರೊಂದಿಗೆ ಈ ಪ್ರಯೋಗದ ಫಲಿತಾಂಶವನ್ನು ಪ್ರಕಟಿಸಿದರು. ಹೆಚ್ಚಿನ ಉಷ್ಣತೆ ಮತ್ತು ಒತ್ತಡದಲ್ಲಿ ರಬ್ಬರಿಗೆ ಹೈಡ್ರೊಜನ್ ಸೇರಿಸಲಾಗಿತ್ತು. ದೊರೆತ ವಸ್ತು ಬಿಡಿಯಾಗಲಿಲ್ಲ. ಕಾಯಿಸಿದರೆ ಆವಿಯಾಗಿ ಬಟ್ಟಿ ಇಳಿಯಲಿಲ್ಲ. ಕರಗಿಸಿದರೆ ರಬ್ಬರಿನಂತೆಯೇ ಅಂಟಂಟಾದ ಮಂದ ದ್ರಾವಣವನ್ನು ಕೊಟ್ಟಿತು. ಸರಪಳಿ ಕಡಿದಿರಲಿಲ್ಲ! ಇಂತಹ ಭಾರಿ ಅಣುವಿಗೆ ಅವರು ಒಂದು ಹೆಸರನ್ನೂ ಕೊಟ್ಟರು. ಅದೇ ಮ್ಯಾಕ್ರೊಮಾಲಿಕ್ಯೂಲ್, ಅಂದರೆ ದೈತ್ಯ ಅಣು.

ಒಬ್ಬಂಟಿ ಹೋರಾಟ

ಒಂದು ಪ್ರಯೋಗದಿಂದ ಎಲ್ಲರೂ ಒಪ್ಪುತ್ತಾರೆಯೇ? ಇಲ್ಲ. ವಿರೋಧಿಗಳ ಬಳಿ ಇನ್ನೊಂದು ಬಲವಾದ ವಾದವಿತ್ತು. ಆಗ ಎಕ್ಸ್ ಕಿರಣಗಳಿಂದ ಹರಳುಗಳ ಒಳರಚನೆಯನ್ನು ತಿಳಿಯುವ ವಿಧಾನ ಬಂದಿತ್ತು. ಹರಳಿನಲ್ಲಿ ಒಂದೇ ಅಳತೆಯ ಪುಟ್ಟ ಕೋಣೆಗಳು ಮತ್ತೆ ಮತ್ತೆ ಬರುತ್ತವೆ. ಹತ್ತಿಯಂತಹ ವಸ್ತುಗಳಲ್ಲಿ ಈ ಕೋಣೆ ತೀರ ಚಿಕ್ಕದು ಎಂದು ಕಂಡುಬಂತು. ಕೋಣೆಯೇ ಚಿಕ್ಕದಾದಾಗ ಅದಕ್ಕಿಂತ ದೊಡ್ಡ ಅಣು ಅದರಲ್ಲಿ ಹಿಡಿಸುವುದಾದರೂ ಹೇಗೆ ಎಂದು ಅವರು ಕೇಳಿದರು.

1925ರಲ್ಲಿ ಜ್ಯೂರಿಕ್ ನಗರದಲ್ಲಿ ಸ್ಟೌಡಿಂಗರ್ ಉಪನ್ಯಾಸ ನೀಡಿದಾಗ ತಜ್ಞರು ಅವರ ವಾದವನ್ನು ಬಲವಾಗಿ ವಿರೋಧಿಸಿದರು. 1926ರಲ್ಲಿ ಜರ್ಮನಿಯ ಡ್ಯುಸೆಲ್‌ಡಾರ್ಫ್‌ನಲ್ಲಿ ನಡೆದ ದೊಡ್ಡ ವಿಜ್ಞಾನ ಸಮಾವೇಶದಲ್ಲೂ ಹಲವರು ಅವರ ವಿರುದ್ಧ ಮಾತನಾಡಿದರು. ಹೈನ್ರಿಖ್ ವೀಲಾಂಡ್ ಎಂಬ ಖ್ಯಾತ ರಸಾಯನ ವಿಜ್ಞಾನಿ ಸ್ನೇಹದಿಂದಲೇ ಒಂದು ಸಲಹೆ ಕೊಟ್ಟಿದ್ದನ್ನು ಸ್ಟೌಡಿಂಗರ್ ಮುಂದೆ ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ದೊಡ್ಡ ಅಣುಗಳ ಯೋಚನೆಯನ್ನು ಬಿಟ್ಟುಬಿಡಿ, ರಬ್ಬರನ್ನು ಚೆನ್ನಾಗಿ ಶುದ್ಧಮಾಡಿದರೆ ಅದು ಹರಳುಗಟ್ಟಿ ಸಣ್ಣ ಅಣುವೇ ಎಂದು ತಿಳಿಯುತ್ತದೆ ಎಂಬುದು ಆ ಸಲಹೆಯ ಸಾರ.

ಸ್ಟೌಡಿಂಗರ್ ಸುಮ್ಮನೆ ಹಠ ಹಿಡಿದು ಕೂರಲಿಲ್ಲ. ಪ್ರತಿ ಆಕ್ಷೇಪಕ್ಕೂ ಪ್ರಯೋಗದಿಂದಲೇ ಉತ್ತರ ಹುಡುಕಿದರು. 1926ರಲ್ಲಿ ಅವರು ಜರ್ಮನಿಯ ಫ್ರೈಬರ್ಗ್ ವಿಶ್ವವಿದ್ಯಾನಿಲಯಕ್ಕೆ ಬಂದರು. ಫಾರ್ಮಾಲ್ಡಿಹೈಡ್ ಎಂಬ ಸರಳ ವಸ್ತುವಿನಿಂದ ಚಿಕ್ಕ, ಮಧ್ಯಮ, ಉದ್ದ ಹೀಗೆ ಬೇರೆ ಬೇರೆ ಅಳತೆಯ ಸರಪಳಿಗಳನ್ನು ತಯಾರಿಸಿದರು. ಸರಪಳಿ ಉದ್ದವಾದಂತೆ ವಸ್ತುವಿನ ಗುಣಗಳು ಮೆಟ್ಟಿಲು ಮೆಟ್ಟಿಲಾಗಿ ಬದಲಾದವು. ಇವುಗಳನ್ನು ಎಕ್ಸ್ ಕಿರಣಗಳಿಂದ ಪರೀಕ್ಷಿಸಿದಾಗ ಕೋಣೆಯ ಪ್ರಶ್ನೆಗೂ ಉತ್ತರ ಸಿಕ್ಕಿತು. ಉದ್ದನೆಯ ತೊಲೆಯೊಂದು ಗೋಡೆಗಳನ್ನು ದಾಟಿ ಹಲವು ಕೋಣೆಗಳಲ್ಲಿ ಹಾದು ಹೋಗುವುದಿಲ್ಲವೇ? ಹಾಗೆಯೇ ಒಂದೇ ಸರಪಳಿ ಹರಳಿನ ಅನೇಕ ಕೋಣೆಗಳನ್ನು ಹಾದು ಹೋಗಬಲ್ಲದು. ಕೋಣೆಯ ಅಳತೆ ಸರಪಳಿಯ ಒಂದು ತುಂಡಿನ ಅಳತೆ ಮಾತ್ರ.

ಶಾವಿಗೆ ಹೇಳುವ ಪಾಠ

ಸರಪಳಿ ಎಷ್ಟು ಉದ್ದವಿದೆ ಎಂದು ಅಳೆಯುವುದು ಹೇಗೆ? ಇದಕ್ಕೆ ಸ್ಟೌಡಿಂಗರ್ ಆರಿಸಿಕೊಂಡ ವಿಧಾನ ಬಹಳ ಸರಳ. ಪಾಲಿಮರನ್ನು ದ್ರವದಲ್ಲಿ ಕರಗಿಸಿ, ಆ ದ್ರಾವಣ ಒಂದು ಸಣ್ಣ ಗಾಜಿನ ನಳಿಕೆಯಲ್ಲಿ ಇಳಿಯಲು ಎಷ್ಟು ಹೊತ್ತು ಬೇಕೆಂದು ನೋಡುವುದು. ತುಂಡು ತುಂಡಾದ ಶಾವಿಗೆಯ ಪಾಯಸ ಸೌಟಿನಿಂದ ಸಲೀಸಾಗಿ ಸುರಿಯುತ್ತದೆ. ಶಾವಿಗೆಯ ಎಳೆಗಳು ಉದ್ದವಿದ್ದರೆ ಒಂದಕ್ಕೊಂದು ತೊಡರಿಕೊಂಡು ನಿಧಾನವಾಗಿ ಬೀಳುತ್ತದೆ. ದ್ರಾವಣವೂ ಹಾಗೆಯೇ. ಸರಪಳಿ ಉದ್ದವಾದಷ್ಟೂ ದ್ರಾವಣ ಮಂದವಾಗುತ್ತದೆ. ಈ ಮಂದತನಕ್ಕೂ ಅಣುವಿನ ತೂಕಕ್ಕೂ ಇರುವ ಸಂಬಂಧವನ್ನು ಅವರು 1930ರ ಸುಮಾರಿಗೆ ಒಂದು ಸೂತ್ರದ ರೂಪದಲ್ಲಿ ಕೊಟ್ಟರು.

ಇಲ್ಲಿ ಅವರೂ ಒಂದು ತಪ್ಪು ಮಾಡಿದರು. ಈ ಸರಪಳಿಗಳು ಕಡ್ಡಿಯಂತೆ ನೆಟ್ಟಗೆ, ಬಿಗಿಯಾಗಿ ಇರುತ್ತವೆ ಎಂದು ಅವರು ತಿಳಿದಿದ್ದರು. ಅವು ದಾರದಂತೆ ಬಾಗುತ್ತವೆ, ಸುರುಳಿ ಸುತ್ತಿಕೊಳ್ಳುತ್ತವೆ ಎಂದು ಬೇರೆ ವಿಜ್ಞಾನಿಗಳು ತೋರಿಸಿದರು. ರಬ್ಬರ್ ಹಿಗ್ಗುವುದಕ್ಕೆ ಕಾರಣವೇ ಇದು. ಎಳೆದಾಗ ಸುರುಳಿಗಳು ಬಿಚ್ಚಿ ನೆಟ್ಟಗಾಗುತ್ತವೆ, ಬಿಟ್ಟಾಗ ಮತ್ತೆ ಸುತ್ತಿಕೊಳ್ಳುತ್ತವೆ. ಸ್ಟೌಡಿಂಗರ್ ಅವರ ಸೂತ್ರವನ್ನು ಮುಂದೆ ತಿದ್ದಬೇಕಾಯಿತು. ಆದರೆ ಸರಪಳಿ ಇದೆ ಎಂಬ ಅವರ ಮುಖ್ಯ ಮಾತು ಗಟ್ಟಿಯಾಗಿ ನಿಂತಿತು.

ಬೇರೆ ದೇಶಗಳಿಂದಲೂ ಬೆಂಬಲ ಬರತೊಡಗಿತು. ಸ್ವೀಡನ್ನಿನ ಥಿಯೊಡರ್ ಸ್ವೆಡ್‌ಬರ್ಗ್ ದ್ರಾವಣಗಳನ್ನು ಅತಿವೇಗದಲ್ಲಿ ತಿರುಗಿಸುವ ಯಂತ್ರವೊಂದನ್ನು ನಿರ್ಮಿಸಿದ್ದರು. ನಮ್ಮ ರಕ್ತಕ್ಕೆ ಕೆಂಪು ಬಣ್ಣ ಕೊಡುವ ಹೀಮೊಗ್ಲೋಬಿನ್‌ನ ಒಂದು ಅಣು, ಹೈಡ್ರೊಜನ್ ಪರಮಾಣುವಿಗಿಂತ 60 ಸಾವಿರಕ್ಕೂ ಹೆಚ್ಚು ಪಟ್ಟು ಭಾರವಿದೆ ಎಂದು ಅದರಿಂದ ತಿಳಿಯಿತು. ಅಮೆರಿಕದ ಡ್ಯುಪಾಂಟ್ ಕಂಪನಿಯಲ್ಲಿ ವ್ಯಾಲೇಸ್ ಕ್ಯಾರೊಥರ್ಸ್ 1928ರಿಂದ ಇನ್ನೊಂದು ಬಗೆಯ ಜೋಡಣೆಯನ್ನು ಕೈಗೆತ್ತಿಕೊಂಡರು. ಎರಡೂ ತುದಿಗಳಲ್ಲಿ ಕೊಂಡಿಯಿರುವ ಸಣ್ಣ ಅಣುಗಳನ್ನು ಅವರು ಒಂದೊಂದಾಗಿ ಸೇರಿಸಿದರು. ಪ್ರತಿಯೊಂದು ಕೊಂಡಿ ಕೂಡಿಕೊಂಡಾಗಲೂ ನೀರಿನ ಒಂದು ಅಣು ಹೊರಬೀಳುತ್ತಿತ್ತು. ಹೀಗೆ 1935ರಲ್ಲಿ ನೈಲಾನ್ ತಯಾರಾಯಿತು. ತಿಳಿದ ಮಾನೊಮರ್‌ಗಳನ್ನು ತಿಳಿದ ರೀತಿಯಲ್ಲಿ ಪೋಣಿಸಿ ದಾರವನ್ನೇ ನೂತು ತೋರಿಸಿದ ಮೇಲೆ ದೈತ್ಯ ಅಣುಗಳನ್ನು ಅಲ್ಲಗಳೆಯುವುದು ಯಾರಿಗೂ ಸುಲಭವಾಗಿರಲಿಲ್ಲ.

ಕಷ್ಟದ ದಿನಗಳು

ವಿಜ್ಞಾನದಲ್ಲಿ ಗೆಲ್ಲುತ್ತಿದ್ದ ಹೊತ್ತಿನಲ್ಲಿಯೇ ಬದುಕಿನಲ್ಲಿ ಬೇರೊಂದು ತೊಂದರೆ ಎದುರಾಯಿತು. ಮೊದಲನೆಯ ಮಹಾಯುದ್ಧದ ಸಮಯದಲ್ಲಿ ಸ್ಟೌಡಿಂಗರ್ ಯುದ್ಧವನ್ನು ವಿರೋಧಿಸಿ ಬರೆದಿದ್ದರು. ವಿಷಾನಿಲದ ಬಳಕೆಯನ್ನೂ ಖಂಡಿಸಿದ್ದರು. ಹಿಂದೆ ಕಾರ್ಲ್ಸ್‌ರೂಹೆಯಲ್ಲಿ ಅವರ ಸಹೋದ್ಯೋಗಿಯಾಗಿದ್ದ, ಜರ್ಮನಿಗಾಗಿ ವಿಷಾನಿಲದ ಕೆಲಸದ ಮುಂದಾಳತ್ವ ವಹಿಸಿದ್ದ ಫ್ರಿಟ್ಸ್ ಹೇಬರ್ ಇದರಿಂದ ಕೋಪಗೊಂಡು ಅವರನ್ನು ಟೀಕಿಸಿದ್ದರು. 1933ರಲ್ಲಿ ಹಿಟ್ಲರನ ನಾಜಿ ಪಕ್ಷ ಅಧಿಕಾರಕ್ಕೆ ಬಂದಾಗ ಈ ಹಳೆಯ ಸಂಗತಿ ಮತ್ತೆ ಎದ್ದು ಬಂತು. ಫ್ರೈಬರ್ಗ್ ವಿಶ್ವವಿದ್ಯಾನಿಲಯದ ಅಂದಿನ ಮುಖ್ಯಸ್ಥರೂ ತತ್ತ್ವಜ್ಞಾನಿಯೂ ಆಗಿದ್ದ ಮಾರ್ಟಿನ್ ಹೈಡೆಗರ್ ಸರ್ಕಾರಕ್ಕೆ ಅವರ ವಿರುದ್ಧ ದೂರು ಕೊಟ್ಟರು. ಗುಪ್ತ ಪೊಲೀಸರು ವಿಚಾರಣೆ ನಡೆಸಿದರು. ರಾಜೀನಾಮೆ ಪತ್ರವನ್ನು ಬರೆಸಿಕೊಂಡರೂ ಕೊನೆಗೆ ಅದನ್ನು ಜಾರಿಗೆ ತರಲಿಲ್ಲ. ಕೆಲಸವೇನೋ ಉಳಿಯಿತು, ಆದರೆ ಕತ್ತಿ ತಲೆಯ ಮೇಲೆ ತೂಗುತ್ತಲೇ ಇತ್ತು.

ಇಂತಹ ವರ್ಷಗಳಲ್ಲಿ ಅವರ ಜೊತೆಗೆ ನಿಂತವರು ಪತ್ನಿ ಮ್ಯಾಗ್ಡಾ. ಲಾಟ್ವಿಯಾ ದೇಶದವರಾದ ಮ್ಯಾಗ್ಡಾ ಸ್ವತಃ ಸಸ್ಯವಿಜ್ಞಾನಿ. ಬಾಲ್ಯದಲ್ಲಿ ಗಿಡಗಳ ವಿಜ್ಞಾನ ಕಲಿಯಬೇಕೆಂದಿದ್ದ ಸ್ಟೌಡಿಂಗರ್, ಪತ್ನಿಯೊಂದಿಗೆ ಸೇರಿ ಮತ್ತೆ ಗಿಡಗಳ ಕಡೆಗೇ ಬಂದರು. ಜೀವಿಗಳ ದೇಹದಲ್ಲಿ ದೈತ್ಯ ಅಣುಗಳು ಮಾಡುವ ಕೆಲಸವೇನು ಎಂಬುದನ್ನು ಇಬ್ಬರೂ ಕೂಡಿ ಯೋಚಿಸಿದರು, ಕೂಡಿ ಪ್ರಬಂಧಗಳನ್ನು ಬರೆದರು.

1940ರಲ್ಲಿ ಸ್ಟೌಡಿಂಗರ್ ದೈತ್ಯ ಅಣುಗಳ ಅಧ್ಯಯನಕ್ಕೆಂದೇ ಫ್ರೈಬರ್ಗ್‌ನಲ್ಲಿ ಒಂದು ಸಂಶೋಧನಾ ಸಂಸ್ಥೆಯನ್ನು ಕಟ್ಟಿದರು. ಆದರೆ 1944ರ ನವೆಂಬರ್ 27ರ ರಾತ್ರಿ ಎರಡನೆಯ ಮಹಾಯುದ್ಧದ ಬಾಂಬುಗಳು ಫ್ರೈಬರ್ಗ್ ನಗರದ ಮೇಲೆ ಸುರಿದವು. ಅವರ ಪ್ರಯೋಗಾಲಯದ ಬಹುಭಾಗ ನಾಶವಾಯಿತು. ಆಗ ಅವರಿಗೆ 63 ವರ್ಷ. ಯುದ್ಧ ಮುಗಿದ ಮೇಲೆ ಕೆಲಸವನ್ನು ಮತ್ತೆ ಆರಂಭಿಸಿದರು. 1947ರಲ್ಲಿ ಈ ವಿಷಯಕ್ಕೇ ಮೀಸಲಾದ ಒಂದು ವಿಜ್ಞಾನ ಪತ್ರಿಕೆಯನ್ನೂ ಹೊರತಂದರು. 1951ರಲ್ಲಿ ನಿವೃತ್ತರಾದರು.

ತಡವಾಗಿ ಬಂದ ಗೌರವ

1953ರಲ್ಲಿ ಸ್ಟೌಡಿಂಗರ್ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ದೊರೆಯಿತು. ಆಗ ಅವರ ವಯಸ್ಸು 72. ಮೊದಲ ಪ್ರಬಂಧ ಬರೆದು 33 ವರ್ಷಗಳಾಗಿದ್ದವು. ಅದೇ ವರ್ಷ ಇಂಗ್ಲೆಂಡಿನಲ್ಲಿ ಜೇಮ್ಸ್ ವಾಟ್ಸನ್ ಮತ್ತು ಫ್ರಾನ್ಸಿಸ್ ಕ್ರಿಕ್ ಡಿಎನ್‌ಎ ರಚನೆಯನ್ನು ಪ್ರಕಟಿಸಿದರು. ತಂದೆತಾಯಿಯ ಗುಣಗಳನ್ನು ಮಕ್ಕಳಿಗೆ ತಲುಪಿಸುವ ಡಿಎನ್‌ಎ ಕೂಡ ಒಂದು ಪಾಲಿಮರ್. ಅದರಲ್ಲಿ ನಾಲ್ಕೇ ಬಗೆಯ ಮಾನೊಮರ್‌ಗಳಿವೆ. ನಮ್ಮ ಸ್ನಾಯು, ಕೂದಲು, ಉಗುರುಗಳಲ್ಲಿರುವ ಪ್ರೋಟೀನ್‌ಗಳು ಅಮೈನೊ ಆಮ್ಲಗಳೆಂಬ 20 ಬಗೆಯ ಮಾನೊಮರ್‌ಗಳ ಸರಪಳಿಗಳು.

ಇನ್ನೊಂದು ಸೋಜಿಗ ಕೇಳಿ. ಮುದ್ದೆಯಲ್ಲಿರುವ ಪಿಷ್ಟ ಮತ್ತು ಅಂಗಿಯಲ್ಲಿರುವ ಹತ್ತಿ, ಎರಡರಲ್ಲೂ ಇರುವ ಮಾನೊಮರ್ ಒಂದೇ, ಗ್ಲೂಕೋಸ್. ಕೊಂಡಿ ಕೂಡಿಕೊಂಡಿರುವ ರೀತಿ ಮಾತ್ರ ಬೇರೆ. ಪಿಷ್ಟದ ಕೊಂಡಿಯನ್ನು ನಮ್ಮ ಹೊಟ್ಟೆ ಬಿಡಿಸಬಲ್ಲದು, ಹತ್ತಿಯ ಕೊಂಡಿಯನ್ನು ಬಿಡಿಸಲಾರದು. ಆದ್ದರಿಂದಲೇ ಒಂದನ್ನು ಉಣ್ಣುತ್ತೇವೆ, ಇನ್ನೊಂದನ್ನು ಉಡುತ್ತೇವೆ. ನಾವು ಬಿಸಾಡುವ ಪ್ಲಾಸ್ಟಿಕ್ ಚೀಲ ಮಣ್ಣಿನಲ್ಲಿ ಬಹುಕಾಲ ಕೊಳೆಯದೆ ಉಳಿಯುವುದಕ್ಕೂ ಇದೇ ಬಗೆಯ ಕಾರಣವಿದೆ. ಅದರ ಸರಪಳಿಯ ಗಟ್ಟಿ ಬಂಧಗಳನ್ನು ಬಿಡಿಸುವುದು ಮಣ್ಣಿನ ಸೂಕ್ಷ್ಮಜೀವಿಗಳಿಗೆ ಬಹಳ ಕಷ್ಟ.

ಸ್ಟೌಡಿಂಗರ್ 1965ರ ಸೆಪ್ಟೆಂಬರ್ 8ರಂದು ಫ್ರೈಬರ್ಗ್‌ನಲ್ಲಿ ನಿಧನರಾದರು. 1999ರಲ್ಲಿ ಅವರು ಕೆಲಸ ಮಾಡಿದ ಸ್ಥಳವನ್ನು ರಸಾಯನ ವಿಜ್ಞಾನದ ಅಂತಾರಾಷ್ಟ್ರೀಯ ಸ್ಮಾರಕವೆಂದು ಗುರುತಿಸಲಾಯಿತು. ಮುಂದಿನ ಸಲ ರಬ್ಬರ್ ಬ್ಯಾಂಡನ್ನು ಎಳೆದು ಬಿಟ್ಟಾಗ, ಅದರೊಳಗೆ ಕೈ ಕೈ ಹಿಡಿದು ನಿಂತಿರುವ ಐಸೊಪ್ರೀನ್‌ಗಳನ್ನು ನೆನೆಸಿಕೊಳ್ಳಿ. ಅವು ಕೈ ಹಿಡಿದಿವೆ ಎಂದು ನಂಬಿ, ಪ್ರಯೋಗದ ಮೇಲೆ ಪ್ರಯೋಗ ಮಾಡಿ ಲೋಕವನ್ನು ಒಪ್ಪಿಸಿದವರನ್ನೂ ನೆನೆಸಿಕೊಳ್ಳಿ.

ಮಾಡಿ ನೋಡಿ

ಒಂದೇ ಅಳತೆಯ ಎರಡು ಉಣ್ಣೆ ದಾರಗಳನ್ನು ತೆಗೆದುಕೊಳ್ಳಿ. ಒಂದನ್ನು ಅರ್ಧ ಅಂಗುಲದ ಚೂರುಗಳಾಗಿ, ಇನ್ನೊಂದನ್ನು ಒಂದು ಅಡಿಯ ತುಂಡುಗಳಾಗಿ ಕತ್ತರಿಸಿ. ಎರಡು ತಟ್ಟೆಗಳಲ್ಲಿ ಬೇರೆ ಬೇರೆಯಾಗಿ ಹಾಕಿ ಕೈಯಿಂದ ಚೆನ್ನಾಗಿ ಕಲಸಿ. ಈಗ ಪ್ರತಿ ತಟ್ಟೆಯಿಂದ ಒಂದು ತುಂಡನ್ನು ಹಿಡಿದು ಮೇಲಕ್ಕೆ ಎತ್ತಿ. ಯಾವ ತಟ್ಟೆಯಲ್ಲಿ ಬೇರೆ ತುಂಡುಗಳೂ ಜೊತೆಗೆ ಎದ್ದು ಬಂದವು? ಎರಡೂ ತಟ್ಟೆಗಳಲ್ಲಿ ಇರುವುದು ಅಷ್ಟೇ ಉಣ್ಣೆ. ಆದರೂ ವ್ಯತ್ಯಾಸ ಏಕೆ ಬಂತೆಂದು ನಿಮ್ಮ ಗೆಳೆಯರೊಂದಿಗೆ ಚರ್ಚಿಸಿ, ಶಿಕ್ಷಕರಿಗೆ ಹೇಳಿ.